ಬೇಗ ತೆರೆಯುವ ಗೇಟು ಕರಾವಳಿಯಿಂದ ಎಷ್ಟು ದೂರ?

ಮಂಗಳೂರು: ದುಬೈಯಲ್ಲಿ ರೆಸಿಡೆನ್ಸ್ ವೀಸಾ ಇರುವ ನಮ್ಮೂರಿನ ಕೆಲಸಗಾರ ಅಲ್ಲಿನ ವಿಮಾನ ನಿಲ್ದಾಣದ ಸ್ಮಾರ್ಟ್ ಗೇಟಿನ ಮುಂದೆ ನಿಂತು, ಮುಖ ತೋರಿಸಿ, ಕೆಲವೇ ಕ್ಷಣಗಳಲ್ಲಿ ಹೊರಗೆ ಬರುತ್ತಾನೆ. ಅದೇ ವ್ಯಕ್ತಿ ರಜೆಯಲ್ಲಿ ಬಜಪೆಗೆ ಬಂದಿಳಿದರೆ, ತನ್ನದೇ ದೇಶದ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಇಮಿಗ್ರೇಶನ್ ಕೌಂಟರಿನ ಮುಂದೆ ಸಾಲಿನಲ್ಲಿ ನಿಲ್ಲಬೇಕು. ದುಡಿಯಲು ಹೋದ ದೇಶದ ಯಂತ್ರ ಅವನನ್ನು ಗುರುತಿಸುತ್ತದೆ, ಹುಟ್ಟಿದ ಊರಿನಲ್ಲಿ ಆ ಯಂತ್ರವೇ ಇಲ್ಲ. ಈ ವ್ಯತ್ಯಾಸವನ್ನು ಕಡಿಮೆ ಮಾಡಲು ಕೇಂದ್ರ ಸರಕಾರ ಒಂದು ಯೋಜನೆಯನ್ನು ಜಾರಿಗೆ ತಂದಿದೆ. ಅದು ಏನು, ಅದರಿಂದ ಕರಾವಳಿಯ ಜನರಿಗೆ ಎಷ್ಟು ಪ್ರಯೋಜನ ಎಂಬುದನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಸರಿಯಾಗಿ ತಿಳಿದವರು ಕಡಿಮೆ.

ಯೋಜನೆಯ ಹೆಸರು ‘ಫಾಸ್ಟ್ ಟ್ರ್ಯಾಕ್ ಇಮಿಗ್ರೇಶನ್ – ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ’. ಮೊದಲೇ ನೋಂದಾಯಿಸಿ, ಪರಿಶೀಲನೆಗೆ ಒಳಪಟ್ಟು, ಬೆರಳಚ್ಚು ಮತ್ತು ಮುಖದ ಚಿತ್ರ ಕೊಟ್ಟ ಪ್ರಯಾಣಿಕರು ಅಧಿಕಾರಿಯ ಮುಂದೆ ನಿಲ್ಲದೆ ಇ-ಗೇಟ್ ಮೂಲಕ ಹೋಗಬಹುದು. ಭಾರತೀಯ ಪಾಸ್‌ಪೋರ್ಟ್ ಇರುವವರು ಮತ್ತು ಒಸಿಐ ಕಾರ್ಡು ಇರುವವರು ಅರ್ಜಿ ಹಾಕಬಹುದು. ಗೃಹ ಸಚಿವಾಲಯದ ಅಡಿಯಲ್ಲಿರುವ ಬ್ಯೂರೋ ಆಫ್ ಇಮಿಗ್ರೇಶನ್ ಇದನ್ನು ನಡೆಸುತ್ತದೆ. 2024ರ ಜೂನ್ 22ರಂದು ದೆಹಲಿಯ ಇಂದಿರಾ ಗಾಂಧಿ ನಿಲ್ದಾಣದ 3ನೇ ಟರ್ಮಿನಲ್‌ನಲ್ಲಿ ಇದು ಆರಂಭವಾಯಿತು. 2025ರ ಜನವರಿ 16ರಂದು ಮುಂಬಯಿ, ಚೆನ್ನೈ, ಕೋಲ್ಕತ್ತ, ಬೆಂಗಳೂರು, ಹೈದರಾಬಾದ್, ಕೊಚ್ಚಿ ಮತ್ತು ಅಹಮದಾಬಾದ್ ಸೇರಿದವು. ಅದೇ ವರ್ಷ ಸೆಪ್ಟೆಂಬರ್ 11ರಂದು ಲಕ್ನೋ, ಅಮೃತಸರ, ತಿರುಚಿರಾಪಳ್ಳಿ, ತಿರುವನಂತಪುರ ಮತ್ತು ಕೋಝಿಕ್ಕೋಡ್. ಹೀಗೆ ಒಟ್ಟು 13. 21 ನಿಲ್ದಾಣಗಳಿಗೆ ಇದನ್ನು ತರುವುದು ಸರಕಾರದ ಯೋಜನೆ.

ಈ 13ರಲ್ಲಿ ಮಂಗಳೂರು ಇಲ್ಲ. ಕೇರಳದ ಮೂರು ನಿಲ್ದಾಣಗಳಿವೆ, ಕರ್ನಾಟಕದ್ದು ಬೆಂಗಳೂರು ಒಂದೇ. ಕೋಝಿಕ್ಕೋಡ್, ತಿರುವನಂತಪುರ ಎರಡೂ ಕೊಲ್ಲಿಗೆ ಹೋಗಿಬರುವವರಿಂದಲೇ ತುಂಬುವ ನಿಲ್ದಾಣಗಳು. ಬಜಪೆಯೂ ಅಂಥದ್ದೇ. 2006ರಲ್ಲಿ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಇಲ್ಲಿನ ವಿದೇಶಿ ಸಂಚಾರದ ಬಹುಪಾಲು ಕೊಲ್ಲಿಯದ್ದೇ. ಹಾಗಿರುವಾಗ ನಮ್ಮನ್ನು ಬಿಟ್ಟದ್ದೇಕೆ ಎಂದು ಕೇಳುವುದು ನ್ಯಾಯವೇ. ಆದರೆ ಗೇಟು ಇಲ್ಲಿಗೆ ಬರುವ ತನಕ ಅರ್ಜಿ ಹಾಕುವುದು ವ್ಯರ್ಥ ಎಂದು ಕೆಲವರು ಹೇಳುವ ಮಾತು ಸರಿಯಲ್ಲ. ಮಂಗಳೂರಿನಿಂದ ಮುಂಬಯಿ ಅಥವಾ ಬೆಂಗಳೂರಿಗೆ ಹೋಗಿ ಅಲ್ಲಿಂದ ಕುವೈಟ್, ಲಂಡನ್, ಟೊರೊಂಟೊ ವಿಮಾನ ಹತ್ತುವವರ ಇಮಿಗ್ರೇಶನ್ ನಡೆಯುವುದು ಆ ದೊಡ್ಡ ನಿಲ್ದಾಣದಲ್ಲೇ. ಮಧ್ಯರಾತ್ರಿಯ ನೂಕುನುಗ್ಗಲಿನಲ್ಲಿ ಸಂಪರ್ಕ ವಿಮಾನ ತಪ್ಪೀತೆಂದು ಗಡಿಯಾರ ನೋಡುತ್ತಾ ನಿಲ್ಲುವ ಹಿರಿಯರಿಗೆ ಈ ಗೇಟಿನಿಂದ ಬಹಳ ಉಪಕಾರವಿದೆ.

ಅರ್ಜಿ ಸಲ್ಲಿಸುವುದು ಗೃಹ ಸಚಿವಾಲಯದ ಜಾಲತಾಣದ ಮೂಲಕ ಮಾತ್ರ. ಶುಲ್ಕವಿಲ್ಲ. ಈ ಒಂದು ವಾಕ್ಯವನ್ನು ಇಗರ್ಜಿಯ ಸೂಚನಾ ಫಲಕದಲ್ಲಿ ದೊಡ್ಡದಾಗಿ ಬರೆದು ಹಾಕಬೇಕು, ಏಕೆಂದರೆ ಉಚಿತವಾದದ್ದಕ್ಕೂ ‘ಸರ್ವಿಸ್ ಚಾರ್ಜು’ ಕೇಳುವವರು ನಮ್ಮಲ್ಲಿ ಯಾವಾಗಲೂ ಇದ್ದಾರೆ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಮೊಬೈಲ್ ಸಂಖ್ಯೆ, ಇಮೇಲ್ ನಮ್ಮದೇ ಆಗಿರಬೇಕು, ಏಜೆಂಟನದ್ದಲ್ಲ. ಭಾವಚಿತ್ರ, ಪಾಸ್‌ಪೋರ್ಟಿನ ಪುಟಗಳು, ವಿಳಾಸದ ದಾಖಲೆ, ಒಸಿಐ ಇದ್ದವರು ಆ ಕಾರ್ಡು, ಇಷ್ಟನ್ನು ಸ್ಕ್ಯಾನ್ ಮಾಡಿ ಏರಿಸಬೇಕು. ಪರಿಶೀಲನೆಗೆ ಒಂದು ತಿಂಗಳವರೆಗೂ ಹಿಡಿಯಬಹುದು. ಆದ್ದರಿಂದ ಟಿಕೆಟ್ ಮಾಡಿಸಿದ ವಾರ ಅರ್ಜಿ ಹಾಕಿದರೆ ಫಲವಿಲ್ಲ. ಒಪ್ಪಿಗೆ ಸಿಕ್ಕಿದ ಮೇಲೆ ಬೆರಳಚ್ಚು ಮತ್ತು ಮುಖದ ಚಿತ್ರ ಕೊಡಲು ಸಂದೇಶ ಬರುತ್ತದೆ. ನೋಂದಣಿ ಐದು ವರ್ಷ ಅಥವಾ ಪಾಸ್‌ಪೋರ್ಟಿನ ಅವಧಿ, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ. ಪಾಸ್‌ಪೋರ್ಟ್ ಮುಗಿಯಲು ವರ್ಷವೊಂದೇ ಉಳಿದಿದ್ದರೆ ಮೊದಲು ಅದನ್ನು ನವೀಕರಿಸಿಕೊಂಡು ಅನಂತರ ಅರ್ಜಿ ಹಾಕುವುದು ಜಾಣತನ.

ನಮ್ಮ ಸಮುದಾಯದವರು ಎಡವುವ ಜಾಗ ಹೆಸರು. ಡಿ’ಸೋಜ, ಡಿ’ಸಿಲ್ವ, ಡಿ’ಕುನ್ಹ ಎಂದು ಬರೆಯುವ ಆ ಒಂದು ಚಿಕ್ಕ ಗುರುತು ಎಷ್ಟು ಮನೆಗಳಲ್ಲಿ ನಿದ್ದೆ ಕೆಡಿಸಿದೆ ಎಂಬುದು ವಿಚಾರಣೆ ಧರ್ಮಗುರುಗಳಿಗೆ ಗೊತ್ತು. ಪಾಸ್‌ಪೋರ್ಟಿನಲ್ಲಿ ಆ ಗುರುತು ಇರುವುದಿಲ್ಲ. ಒಬ್ಬರದ್ದು ಎರಡೂ ಕೂಡಿಸಿ ಒಂದೇ ಪದ, ಇನ್ನೊಬ್ಬರದ್ದು ನಡುವೆ ಜಾಗ ಬಿಟ್ಟು ಎರಡು ಪದ. ಒಂದೇ ಮನೆಯಲ್ಲಿ ಅಣ್ಣನದ್ದು ಒಂದು ರೀತಿ, ತಮ್ಮನದ್ದು ಇನ್ನೊಂದು ರೀತಿ. ಜ್ಞಾನಸ್ನಾನದ ಸರ್ಟಿಫಿಕೇಟ್, ಆಧಾರ್, ಶಾಲೆಯ ದಾಖಲೆ ಒಂದೊಂದೂ ಬೇರೆ. ಮದುವೆಯ ನಂತರ ಉಪನಾಮ ಬದಲಾದ ಹೆಂಗಸರ ಕತೆ ಇನ್ನೂ ಉದ್ದ. ಅರ್ಜಿಯಲ್ಲಿ ಬರೆಯಬೇಕಾದದ್ದು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಒಂದು ಅಕ್ಷರವೂ ಆಚೀಚೆ ಆಗದಂತೆ. ಮನೆಯಲ್ಲಿ ಕರೆಯುವ ಹೆಸರು, ‘ಸರಿಯಾದ’ ಹೆಸರು ಎಂದು ನಾವು ನಂಬಿದ ಹೆಸರು, ಯಾವುದೂ ಬೇಡ. ವಿಮಾನದ ಟಿಕೆಟನ್ನೂ ಅದೇ ಹೆಸರಿನಲ್ಲಿ ಮಾಡಿಸಬೇಕು. ತಪ್ಪು ಮಾಹಿತಿ ಕೊಟ್ಟರೆ, ವಿಷಯ ಮುಚ್ಚಿಟ್ಟರೆ ಅರ್ಜಿ ತಿರಸ್ಕಾರವಾಗುತ್ತದೆ.

ಇಷ್ಟೆಲ್ಲ ಸರಿಯಾದರೂ ಕರಾವಳಿಯವರಿಗೆ ನಿಜವಾದ ಅಡ್ಡಿ ಬೆರಳಚ್ಚಿನ ಹಂತದಲ್ಲಿದೆ. ಅದನ್ನು ಕೊಡಬೇಕಾದದ್ದು ಯೋಜನೆ ಇರುವ ವಿಮಾನ ನಿಲ್ದಾಣಗಳಲ್ಲಿ ಅಥವಾ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗಳಲ್ಲಿ. ಬೆಂಗಳೂರಿಗೆ ಘಾಟಿ ಹತ್ತಿ ಸುಮಾರು 350 ಕಿ.ಮೀ., ಕೋಝಿಕ್ಕೋಡಿಗೆ ರೈಲಿನಲ್ಲಿ ಸುಮಾರು 220 ಕಿ.ಮೀ. ವರ್ಷದಲ್ಲಿ ಮೂವತ್ತು ದಿನದ ರಜೆಯಲ್ಲಿ ಬಂದವನು ಮನೆಯ ಮಾಡು ರಿಪೇರಿ, ತಂಗಿಯ ರೋಸ್, ತಾಯಿಯ ಕಣ್ಣಿನ ಆಪರೇಶನ್ ಮಧ್ಯೆ ಎರಡು ದಿನ ಬೆಂಗಳೂರಿಗೆ ಹೋಗಿ ಬೆರಳು ಒತ್ತಿ ಬರುತ್ತಾನೆಯೇ? ಹೋಗುವುದಿಲ್ಲ. ವರ್ಷಕ್ಕೆ ಎಂಟು ಹತ್ತು ಸಲ ವಿದೇಶಕ್ಕೆ ಹೋಗುವ ಕಂಪೆನಿ ಅಧಿಕಾರಿಗೆ ಇದು ಸುಲಭ, ಅವನ ಊರಲ್ಲೇ ಗೇಟು ಇದೆ, ಕಚೇರಿಯೂ ಇದೆ. ಅಂದರೆ ಈಗಿರುವ ರೂಪದಲ್ಲಿ ಸೌಲಭ್ಯ ಮೊದಲು ತಲಪುವುದು ಮಹಾನಗರದವರಿಗೆ. 2025ರ ಸೆಪ್ಟೆಂಬರಿನಲ್ಲಿ ಗೃಹ ಸಚಿವ ಅಮಿತ್ ಶಾ ಅವರು ಕೊಟ್ಟ ಲೆಕ್ಕದ ಪ್ರಕಾರ ನೋಂದಾಯಿಸಿದವರು ಸುಮಾರು 3 ಲಕ್ಷ. ಕೋಟಿಗಟ್ಟಲೆ ಜನ ವಿದೇಶಕ್ಕೆ ಹೋಗಿಬರುವ ದೇಶಕ್ಕೆ ಇದು ಬಹಳ ಸಣ್ಣ ಸಂಖ್ಯೆ.

ಪರಿಹಾರವೇನೂ ಕಷ್ಟದ್ದಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಬೆರಳಚ್ಚು, ಚಿತ್ರ ಎರಡನ್ನೂ ತೆಗೆದುಕೊಳ್ಳುತ್ತಾರೆ, ಪೊಲೀಸ್ ವಿಚಾರಣೆಯೂ ಆಗುತ್ತದೆ. ಅದೇ ಸರಕಾರ ಅದೇ ಬೆರಳನ್ನು ಇನ್ನೊಮ್ಮೆ, ಇನ್ನೊಂದು ಊರಿನಲ್ಲಿ ಏಕೆ ಕೇಳಬೇಕು? ಪಾಸ್‌ಪೋರ್ಟ್ ಮತ್ತು ಒಸಿಐ ಕೊಡುವಾಗಲೇ ನೋಂದಣಿಯೂ ಆಗುವಂತೆ ಮಾಡಬೇಕೆಂಬ ಮಾತನ್ನು ಆ ಸೆಪ್ಟೆಂಬರ್ ಸಮಾರಂಭದಲ್ಲಿ ಗೃಹ ಸಚಿವರೇ ಆಡಿದ್ದಾರೆ. ದುಬೈಯ ಗೇಟು ಬೇಗ ತೆರೆಯುವುದರ ಗುಟ್ಟೂ ಇದೇ: ರೆಸಿಡೆನ್ಸ್ ವೀಸಾ ಮಾಡುವಾಗ ಕೊಟ್ಟ ಮಾಹಿತಿಯನ್ನೇ ಅಲ್ಲಿ ಬಳಸುತ್ತಾರೆ, ಕೆಲಸಗಾರ ಬೇರೆ ಅರ್ಜಿ ಹಾಕಿ ಅಲೆಯಬೇಕಿಲ್ಲ.

ಬೆರಳಿನ ವಿಷಯ ಬಂದಾಗ ಇನ್ನೊಂದು ಮಾತು. ಬೀಡಿ ಕಟ್ಟಿ, ಕಲ್ಲು ಹೊತ್ತು, ಬಲೆ ಎಳೆದು ಸವೆದ ಬೆರಳುಗಳನ್ನು ಯಂತ್ರ ಓದುವುದಿಲ್ಲ ಎಂಬುದನ್ನು ಆಧಾರ್ ಮಾಡಿಸುವಾಗಲೇ ನಾವು ನೋಡಿದ್ದೇವೆ. ಗೇಟು ತೆರೆಯದಿದ್ದರೆ ಗಾಬರಿಪಡದೆ ಪಕ್ಕದ ಕೌಂಟರಿಗೆ ಹೋಗಬೇಕು.

ಗೇಟಿನಲ್ಲಿ ಮೊದಲು ಬೋರ್ಡಿಂಗ್ ಪಾಸ್, ಅನಂತರ ಪಾಸ್‌ಪೋರ್ಟ್ ಸ್ಕ್ಯಾನ್ ಆಗುತ್ತದೆ, ಆಮೇಲೆ ಬೆರಳು ಮತ್ತು ಮುಖ ತಾಳೆ ನೋಡುತ್ತದೆ. ಸರಿ ಬಂದರೆ ಬಾಗಿಲು ತೆರೆಯುತ್ತದೆ, ಅಲ್ಲಿಗೆ ಇಮಿಗ್ರೇಶನ್ ಮುಗಿಯಿತು. ಅರ್ಧ ನಿಮಿಷದ ಕೆಲಸ ಎನ್ನುತ್ತದೆ ಸರಕಾರ. ಊರಿಗೆ ಬಂದು ಇಳಿಯುವಾಗಲೂ ಬೋರ್ಡಿಂಗ್ ಪಾಸ್ ಬೇಕಾಗುತ್ತದೆ, ಅದನ್ನು ವಿಮಾನದ ಸೀಟಿನಲ್ಲೇ ಬಿಟ್ಟು ಬರುವ ಅಭ್ಯಾಸ ಬಿಡಬೇಕು. ಇದು ಕಸ್ಟಮ್ಸ್ ತಪಾಸಣೆಯಿಂದ ಬಿಡುಗಡೆಯಲ್ಲ. ಚಿನ್ನ ತಂದವರು ಲೆಕ್ಕ ಕೊಡಲೇಬೇಕು. ಡಿಜಿಯಾತ್ರಾ ಎಂಬುದು ಬೇರೆ, ಅದು ನಿಲ್ದಾಣದ ಪ್ರವೇಶ ಮತ್ತು ಭದ್ರತೆಯ ಭಾಗಕ್ಕೆ ಸಂಬಂಧಿಸಿದ್ದು. ಎರಡನ್ನೂ ಬೆರೆಸಿ ಮಾತಾಡುವವರು ಬಹಳ.

ಧರ್ಮಪ್ರಾಂತ್ಯದ ಸಂಸ್ಥೆಗಳು ವಿಶೇಷವಾಗಿ ಗಮನಿಸಬೇಕಾದದ್ದು ಒಸಿಐ ವಿಷಯ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾದ ಪೌರತ್ವ ಪಡೆದ ನಮ್ಮವರಲ್ಲಿ ಗುರುಗಳೂ ಧರ್ಮಭಗಿನಿಯರೂ ಇದ್ದಾರೆ. ಗೇಟು ಅವರಿಗೂ ತೆರೆಯುತ್ತದೆ. ಆದರೆ 2021ರ ಮಾರ್ಚ್ 4ರ ಅಧಿಸೂಚನೆಯಂತೆ ಒಸಿಐ ಕಾರ್ಡುದಾರರು ಭಾರತದಲ್ಲಿ ಮಿಷನರಿ ಕೆಲಸ ಮಾಡಲು ವಿಶೇಷ ಅನುಮತಿ ಪಡೆಯಬೇಕು. ವಿದೇಶಿ ಪೌರತ್ವದ ಗುರುಗಳನ್ನು ಧ್ಯಾನಕೂಟ ನಡೆಸಲು ಆಹ್ವಾನಿಸುವಾಗ ‘ಅವರು ನಮ್ಮೂರಿನವರೇ, ಒಸಿಐ ಇದೆ, ಟ್ರಸ್ಟೆಡ್ ಟ್ರಾವೆಲರ್ ಕೂಡ’ ಎಂದು ಸುಮ್ಮನಿರುವುದು ಸುರಕ್ಷಿತವಲ್ಲ. ಗೇಟು ದಾಟಿದ್ದು ಒಂದು ಕಾನೂನಿನ ವಿಷಯ, ದಾಟಿದ ಮೇಲೆ ಮಾಡುವ ಕೆಲಸ ಇನ್ನೊಂದರ ವಿಷಯ.

ಹತ್ತನೇ ತರಗತಿ ಪಾಸಾಗದೆ ಕೊಲ್ಲಿಗೆ ದುಡಿಯಲು ಹೋಗುವವರ ಪರಿಸ್ಥಿತಿ ಬೇರೆ. ಅವರ ಪಾಸ್‌ಪೋರ್ಟಿಗೆ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು. 1983ರ ಕಾಯ್ದೆಯಿಂದ ಬಂದ ಈ ನಿಯಮ ಕೊಲ್ಲಿ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ಅನ್ವಯಿಸುತ್ತದೆ. ಬೇಗ ಹೋಗುವ ಗೇಟು ಇದಕ್ಕೆ ಬದಲಿಯಲ್ಲ. ಸಾಲಿನಲ್ಲಿ ನಿಲ್ಲಿಸಿ ‘ಎಲ್ಲಿಗೆ, ಯಾವ ಕೆಲಸಕ್ಕೆ, ಕಾಗದ ಎಲ್ಲಿ’ ಎಂದು ಕೇಳುವ ಅಧಿಕಾರಿಯನ್ನು ನಾವು ಬೈಯುತ್ತೇವೆ. ಆದರೆ ವಿಸಿಟ್ ವೀಸಾದಲ್ಲಿ ಮನೆಗೆಲಸಕ್ಕೆ ಕಳುಹಿಸಲ್ಪಡುವ ಹೆಣ್ಣುಮಗಳಿಗೆ ಆ ಪ್ರಶ್ನೆಯೇ ಊರು ಬಿಡುವ ಮುನ್ನ ಸಿಗುವ ಕೊನೆಯ ರಕ್ಷಣೆ ಆಗಿರಲೂಬಹುದು. ಹೋಗಿಬಂದು ಅಭ್ಯಾಸವಿರುವವರು ಗೇಟಿಗೆ ಹೋದರೆ ಅಧಿಕಾರಿಗೆ ಇಂಥವರ ಜತೆ ಮಾತಾಡಲು ಸಮಯ ಸಿಗಬೇಕು. ಗೇಟು ಬಂತೆಂದು ಕೌಂಟರುಗಳನ್ನೇ ಕಡಿಮೆ ಮಾಡಿದರೆ ಮೊದಲ ಸಲ ಹೋಗುವ ಬಡವರ ಸಾಲು ಉದ್ದವಾಗುತ್ತದೆ, ಅಷ್ಟೇ. ‘ವಿಶ್ವಾಸಾರ್ಹ’ ಎಂಬ ಹೆಸರೂ ನನಗೆ ಅಷ್ಟು ಹಿಡಿಸುವುದಿಲ್ಲ. ಸಾಲಿನಲ್ಲಿ ಉಳಿದವರನ್ನು ಏನೆಂದು ಕರೆಯುವುದು?

ಕೊಟ್ಟ ಮಾಹಿತಿಯ ಬಗ್ಗೆ ಅಳುಕುವವರೂ ಇದ್ದಾರೆ, ಅದು ಸುಮ್ಮನೆ ಹುಟ್ಟಿದ ಭಯವಲ್ಲ. 2023ರ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ವಿಶಾಲ ಅವಕಾಶವಿದೆ. ನೋಂದಣಿ ಕಡ್ಡಾಯವಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ ಹೋಗುವವರು ಅದಿಲ್ಲದೆಯೇ ಇರಬಹುದು.

ಅಮೆರಿಕದಲ್ಲಿ ಮಕ್ಕಳಿರುವ ತಂದೆತಾಯಂದಿರು ಕೇಳುವ ‘ಗ್ಲೋಬಲ್ ಎಂಟ್ರಿ’ ಇದಲ್ಲ, ಅದು ಅಮೆರಿಕದ್ದೇ ಯೋಜನೆ. ಭಾರತೀಯರಿಗೆ 2017ರಿಂದ ತೆರೆದಿದೆ. ವೀಸಾ ಬೇರೆಯಾಗಿ ಇರಲೇಬೇಕು. 2024ರ ಅಕ್ಟೋಬರ್‌ನಿಂದ ಶುಲ್ಕ 100 ಡಾಲರಿನಿಂದ 120 ಡಾಲರಿಗೆ ಏರಿದೆ, ಅರ್ಜಿ ತಿರಸ್ಕಾರವಾದರೂ ಹಣ ಮರಳಿ ಬರುವುದಿಲ್ಲ. ಅಲ್ಲಿನ ಅಧಿಕಾರಿಯ ಮುಂದೆ ಸಂದರ್ಶನವೂ ಇದೆ. ಭಾರತದ ಪರವಾಗಿ ಹಿನ್ನೆಲೆ ಪರಿಶೀಲನೆ ನಡೆಯುವುದು ಪಾಸ್‌ಪೋರ್ಟ್ ಸೇವೆಯ ಮೂಲಕ. ಅವಧಿ ಐದು ವರ್ಷ. ಅಲ್ಲಿ ಸದಸ್ಯತ್ವ ಕಳೆದುಕೊಳ್ಳುವುದೂ ಸುಲಭ: ಮಗಳಿಗೆಂದು ಚೀಲದೊಳಗೆ ಇಟ್ಟ ಹಂದಿಮಾಂಸದ ಸುಕ್ಕ, ಮಾವಿನಹಣ್ಣು ಇಂಥವನ್ನು ಫಾರ್ಮಿನಲ್ಲಿ ಹೇಳದೆ ಒಯ್ದು ಸಿಕ್ಕಿಬಿದ್ದರೆ ದಂಡದ ಜತೆ ಕಾರ್ಡೂ ಹೋಗಬಹುದು. ಒಂದು ಸಲ ಹೋಗಿ ಆರು ತಿಂಗಳು ಇದ್ದು ಬರುವ ಹಿರಿಯರಿಗೆ ಇಷ್ಟೆಲ್ಲ ಬೇಕೇ ಎಂದು ಮಕ್ಕಳೇ ಯೋಚಿಸಲಿ.

ನಮ್ಮ ಧರ್ಮಕೇಂದ್ರಗಳು ಮಾಡಬಹುದಾದ ಕೆಲಸ ಎರಡಿದೆ. ಕಂಪ್ಯೂಟರ್ ತಿಳಿದ ಐಸಿವೈಎಂ ಯುವಜನರು ಆದಿತ್ಯವಾರ ಪೂಜೆಯ ನಂತರ ಒಂದು ಗಂಟೆ ಕೂತು ವಾಳೆಯವರ ಅರ್ಜಿ ತುಂಬಿಸಿಕೊಡಬಹುದು. ಅರ್ಜಿದಾರರ ಪಾಸ್‌ವರ್ಡ್, ಒಟಿಪಿ ಅವರ ಕೈಯಲ್ಲೇ ಇರಲಿ, ಪಾಸ್‌ಪೋರ್ಟಿನ ಪ್ರತಿ ಕಂಪ್ಯೂಟರಿನಲ್ಲಿ ಉಳಿಯದಿರಲಿ. ಎರಡನೆಯದು ಮನವಿ. ಬಜಪೆಗೂ ಇ-ಗೇಟ್ ಬೇಕು ಎಂದು ಸಂಸದರಿಗೆ ಕೊಡುವ ಮನವಿಯಲ್ಲಿ, ಗೇಟು ಬರುವ ಮೊದಲೇ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಡಲು ಅವಕಾಶ ಬೇಕು ಎಂಬುದನ್ನು ಮೇಲಿನ ಸಾಲಿನಲ್ಲೇ ಬರೆಯಬೇಕು. ಗೇಟಿಗೆ ಕಟ್ಟಡ, ಯಂತ್ರ, ಟೆಂಡರು ಎಂದು ವರ್ಷಗಳು ಹೋಗಬಹುದು. ಬೆರಳಚ್ಚು ತೆಗೆಯುವ ಯಂತ್ರ ಮಾತ್ರ ಆ ಕೇಂದ್ರದ ಮೇಜಿನ ಮೇಲೆ ಈಗಲೇ ಇದೆ.