ನಗರದ ಕಸಕ್ಕೆ ನಮ್ಮ ಹೊಲವೇ ಒಲೆ?



ಬೆಳಗಿನ ಜಾವ ಹಾಲು ಕರೆಯಲು ಎದ್ದಾಗ ಮೂಗಿಗೆ ಬಡಿಯುತ್ತಲ್ಲ, ಆ ವಾಸನೆ ಯಾವುದು ಹೇಳಿ. ಸಗಣಿ ಗಂಜಲದ್ದಲ್ಲ. ಒಲೆಗೆ ಹಚ್ಚಿದ ಸೌದೆಯದೂ ಅಲ್ಲ. ಗಂಟಲಲ್ಲಿ ಕಚ್ಚಿಕೊಳ್ಳುವ, ಕಣ್ಣಲ್ಲಿ ನೀರು ತರಿಸುವ, ಸುಟ್ಟ ರಬ್ಬರು ಪ್ಲಾಸ್ಟಿಕ್ಕಿನ ವಾಸನೆ. ಹೊಸಕೋಟೆ, ಆನೇಕಲ್, ನೆಲಮಂಗಲ, ದೊಡ್ಡಬಳ್ಳಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಯಾವ ಪಟ್ಟಣದ ಸೆರಗಿನಲ್ಲಿ ಇರುವವರಿಗೂ ಬೇಕಾಗಿಲ್ಲ.

"ಬೆಲೆ, ಸಾಲ ಅಂತ ಬರೆಯೋ ಪತ್ರಿಕೆಗೆ ಹೊಗೆಯ ಉಸಾಬರಿ ಯಾಕ್ರಪ್ಪ? ಪರಿಸರ ಅನ್ನೋದು ಹೊಟ್ಟೆ ತುಂಬಿದವರ ಮಾತಲ್ವೇ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಇಷ್ಟೆ: ಈ ಹೊಗೆ ಹುಟ್ಟುವುದು ಬೆಲೆ ಸಿಗದ ಹೊಲದಲ್ಲಿ, ಇದು ಹೋಗಿ ಸೇರುವುದು ಸಾಲದ ಪತ್ರದಲ್ಲಿ. ನಡುವೆ ನಮ್ಮ ಎದೆಗೂಡಿನೊಳಗೆ ಒಂದು ಸುತ್ತು ಹಾಕಿ ಹೋಗುತ್ತದೆ, ಅಷ್ಟೆ.

ನಗರಕ್ಕೆ ಹತ್ತಿರದಲ್ಲಿ ಎರಡು ಎಕರೆ ಖುಷ್ಕಿ ಇರುವ ರೈತನೊಬ್ಬನನ್ನು ತೆಗೆದುಕೊಳ್ಳಿ. ರಾಗಿ ಬೆಳೆಯುತ್ತಾನೆ. 2025-26ರ ಸಾಲಿಗೆ ರಾಗಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಖರ್ಚಿನ ಮೇಲೆ ಅರ್ಧದಷ್ಟು ಲಾಭ ಕೊಟ್ಟಿದ್ದೇವೆ ಎಂದು ದಿಲ್ಲಿಯವರು ಬೆನ್ನು ತಟ್ಟಿಕೊಳ್ಳುತ್ತಾರೆ. ಯಾವ ಖರ್ಚು? ಬೀಜ, ಗೊಬ್ಬರ, ಆಳು, ಮನೆಮಂದಿಯ ದುಡಿಮೆ ಇವಿಷ್ಟರ ಖರ್ಚು. ಅವನ ಭೂಮಿಗೆ ಬರಬೇಕಾದ ಬಾಡಿಗೆ, ಹೂಡಿದ ಹಣದ ಬಡ್ಡಿ ಆ ಲೆಕ್ಕದಲ್ಲಿಲ್ಲ. ಬೆಳೆಯುವ ಸರಾಸರಿ ಖರ್ಚಿನ ಮೇಲೆ ಕನಿಷ್ಠ ಅರ್ಧ ಸೇರಿಸಿ ಕೊಡಿ ಎಂದು ಸ್ವಾಮಿನಾಥನ್ ಆಯೋಗ 2006ರಲ್ಲೇ ಹೇಳಿತು. ವರದಿ ಕಪಾಟು ಸೇರಿತು. ಸಿಗುವ ಈ ಬೆಲೆಯೂ ಖರೀದಿ ಕೇಂದ್ರ ತೆರೆದು, ಹೆಸರು ನೋಂದಾಯಿಸಿ, ಸರದಿ ಬಂದವನಿಗೆ ಮಾತ್ರ. ಅಲ್ಲಿಯವರೆಗೆ ಸಾಲ ಕೊಟ್ಟವನು ಕಾಯುತ್ತಾನೆಯೇ? ಕಣದಲ್ಲೇ ನಿಂತಿರುತ್ತಾನೆ.

ಆಗ ಬರುತ್ತಾನೆ ನೋಡಿ ಗುಜರಿ ಕಂಟ್ರಾಕ್ಟುದಾರ. "ಯಜಮಾನ್ರೆ, ಸುಮ್ನೆ ಬೀಳು ಬಿಟ್ಟಿದೀರಿ. ತಿಂಗಳಿಗಿಷ್ಟು ಅಂತ ಕೊಡ್ತೀನಿ, ತಗಡು ಬೇಲಿ ನಾನೇ ಹಾಕ್ಕೋತೀನಿ" ಅನ್ನುತ್ತಾನೆ. ಬೆಲೆ ಗೊತ್ತುಮಾಡುವ ಸರ್ಕಾರ ಲೆಕ್ಕಕ್ಕೆ ಹಿಡಿಯದ ಭೂಮಿಯ ಬಾಡಿಗೆಯನ್ನು ಅವನು ಒಂದೇ ಮಾತಿನಲ್ಲಿ ಹಿಡಿದುಬಿಟ್ಟ! ಅಡ್ವಾನ್ಸು ಸೊಸೈಟಿ ಸಾಲದ ಬಡ್ಡಿಗೆ, ಸ್ವಸಹಾಯ ಸಂಘದ ಕಂತಿಗೆ ಹೋಗುತ್ತದೆ. ಮಾರನೆಯ ವಾರದಿಂದ ರಾತ್ರಿ ಹೊತ್ತು ಲಾರಿ ಬರುತ್ತವೆ. ಗಾರ್ಮೆಂಟ್ಸಿನ ಚಿಂದಿ, ರೆಕ್ಸಿನ್ ತುಂಡು, ಟೈರು, ಹಳೆ ಕೇಬಲ್ಲು. ಮಾರಾಟವಾಗುವುದನ್ನು ಆರಿಸಿ ಉಳಿದದ್ದಕ್ಕೆ ಬೆಂಕಿ. ಕೇಬಲ್ಲಿಗಂತೂ ಬೆಂಕಿ ಹಾಕುವುದೇ ಕಸುಬು, ಮೇಲಿನ ಪ್ಲಾಸ್ಟಿಕ್ ಸುಟ್ಟರೆ ತಾನೆ ಒಳಗಿನ ತಾಮ್ರ ಕೈಗೆ ಬರುವುದು? ತಾಮ್ರ ಅವನಿಗೆ, ಹೊಗೆ ಊರಿಗೆ, ಬೂದಿ ಹೊಲಕ್ಕೆ. ಮಳೆ ಬಂದಾಗ ಆ ಬೂದಿಯ ಸೀಸ ಮಣ್ಣಿಗಿಳಿಯುತ್ತದೆ. ಕರಾರು ಮುಗಿದ ಮೇಲೆ ಅದೇ ನೆಲದಲ್ಲಿ ರಾಗಿ ಬಿತ್ತಬೇಕಾದವನು ಯಾರು?

ರಾತ್ರಿಯೇ ಯಾಕೆ ಸುಡುತ್ತಾರೆ ಎಂದರೆ ಕೇಳುವವರು ಯಾರೂ ಇರುವುದಿಲ್ಲ, ಅದಕ್ಕೆ. ಆದರೆ ಹೊಗೆ ಹೆಚ್ಚು ಕೆಡುಕು ಮಾಡುವುದೂ ಆ ಹೊತ್ತಿನಲ್ಲೇ. ಹಗಲು ನೆಲ ಕಾದಾಗ ಬಿಸಿಗಾಳಿ ಹೊಗೆಯನ್ನು ಮೇಲಕ್ಕೆ ಒಯ್ಯುತ್ತದೆ. ರಾತ್ರಿ, ಅದರಲ್ಲೂ ಚಳಿಗಾಲದಲ್ಲಿ, ನೆಲದ ಹತ್ತಿರದ ಗಾಳಿ ತಣ್ಣಗಾಗಿ ಕೆಳಗೇ ಕೂರುತ್ತದೆ. ಹೊಗೆ ಮೇಲೇಳದೆ ಮಂಜಿನಂತೆ ಹಬ್ಬಿ ಕೊಟ್ಟಿಗೆ, ಹುಳುಮನೆ, ಮಕ್ಕಳು ಮಲಗಿದ ಪಡಸಾಲೆ ಎಲ್ಲ ಹೊಕ್ಕು ಬರುತ್ತದೆ.

ಈಗ ನಷ್ಟದ ಲೆಕ್ಕ ಹಾಕೋಣ. ರೇಷ್ಮೆ ಸಾಕುವವರನ್ನು ಕೇಳಿ. ಹುಳುಮನೆಯಲ್ಲಿ ಬೀಡಿ ಸೇದಲು ಬಿಡದ ಜನ ನಾವು, ಯಾಕೆಂದರೆ ಅಷ್ಟು ಹೊಗೆಯನ್ನೂ ಹುಳು ತಡೆಯುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಒಟ್ಟು ಸೊಪ್ಪಿನ ಮುಕ್ಕಾಲು ಪಾಲಿಗೂ ಹೆಚ್ಚನ್ನು ಹುಳು ಒಂದೇ ವಾರದಲ್ಲಿ ತಿನ್ನುತ್ತದೆ. ಆ ವಾರ ಮಸಿ ಕೂತ ಸೊಪ್ಪು ಹಾಕಿದಿರೋ, ಚಂದ್ರಿಕೆಗೆ ಬಿಡುವ ಹೊತ್ತಿಗೆ ಬೆಳೆ ಮುಗಿದ ಹಾಗೆ. ಗೂಡು ಕಟ್ಟಿದರೂ ಜಾಳು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು "ಯಾಕಪ್ಪ ಗೂಡು ಹೀಗಾಯ್ತು, ಹೊಗೆ ಬಂತಾ?" ಎಂದು ಕೇಳಿ ಬೆಲೆ ಏರಿಸುವುದಿಲ್ಲ. ಚಾಕಿ ಹುಳುವಿನ ಹಣ, ಸೊಪ್ಪಿನ ಹಣ, ಆಳಿನ ಕೂಲಿ ಎಲ್ಲ ಮೈಮೇಲೆ.

ಹಾಲಿನದು ಇನ್ನೊಂದು ಕಥೆ. ಕ್ಲೋರಿನ್ ಇರುವ ಪ್ಲಾಸ್ಟಿಕ್ ಬಯಲಲ್ಲಿ ಅರೆಬರೆ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹುಲ್ಲಿನ ಮೇಲೆ ಬಿದ್ದದ್ದು ಹಸುವಿನ ಹೊಟ್ಟೆಗೆ, ಹಸುವಿನ ಕೊಬ್ಬಿನಿಂದ ಹಾಲಿಗೆ. ಡೇರಿಯಲ್ಲಿ ನಮ್ಮ ಹಾಲಿಗೆ ದರ ಕಟ್ಟುವುದೂ ಕೊಬ್ಬು ನೋಡಿಯೇ! ಹಾಲು ಕುಡಿಯುವವರನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ನಗರದ ಅಣ್ಣಂದಿರು ಕಸವನ್ನು ಊರಾಚೆಗೆ ದೂಡಿ ಕೈ ತೊಳೆದುಕೊಂಡೆವು ಅಂದುಕೊಂಡಿದ್ದಾರಲ್ಲ, ಅದು ಅಲ್ಲಿಗೇ ನಿಲ್ಲುವುದಿಲ್ಲ ಎಂದು ತಿಳಿಸಲು ಹೇಳುತ್ತಿದ್ದೇವೆ.

ಇನ್ನು ಕೆಮ್ಮು, ದಮ್ಮು, ಆಸ್ಪತ್ರೆ, ಔಷಧಿ. ಹಳ್ಳಿಯ ಮನೆಗಳಲ್ಲಿ ಕೈಸಾಲ ಹುಟ್ಟುವುದು ಎಷ್ಟೋ ಸಲ ಬಿತ್ತನೆಗಲ್ಲ, ಕಾಯಿಲೆಗೆ. ಬೆಳೆ ವಿಮೆಯವರನ್ನು ಕೇಳಿದರೆ ಬರ, ನೆರೆ, ಆಲಿಕಲ್ಲಿಗೆ ಲೆಕ್ಕವಿದೆ. ಪಕ್ಕದ ಬೇಲಿಯೊಳಗೆ ಮನುಷ್ಯ ಹಾಕಿದ ಬೆಂಕಿಯ ಹೊಗೆಗೆ ಅಂಕಣವಿಲ್ಲ.

ಕಾನೂನು ಇಲ್ಲವೇ? ಬೇಕಾದಷ್ಟಿದೆ. ವಾಯುಮಾಲಿನ್ಯ ತಡೆ ಕಾಯಿದೆ ಬಂದದ್ದು 1981ರಲ್ಲಿ. ಕಸವನ್ನು ಬೀದಿಯಲ್ಲಿ, ಬಯಲಲ್ಲಿ ಸುಡಬಾರದು ಎಂದು 2016ರ ಘನತ್ಯಾಜ್ಯ ನಿಯಮಗಳು ಬರೆದವು. ಅದೇ ವರ್ಷದ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಲ್ಲೆಲ್ಲೂ ಕಸಕ್ಕೆ ಬೆಂಕಿ ಹಾಕಕೂಡದು ಎಂದು ಆದೇಶ ಮಾಡಿತು. ಸಣ್ಣಪುಟ್ಟ ಬೆಂಕಿಗೆ 5,000, ರಾಶಿ ಬೆಂಕಿಗೆ 25,000 ರೂಪಾಯಿ ದಂಡ. ಗುತ್ತಿಗೆದಾರನಾಗಲಿ ನಗರಸಭೆಯಾಗಲಿ ಯಾರನ್ನೂ ಬಿಡಲಿಲ್ಲ.

ಈಗ ಇದರ ಪಕ್ಕಕ್ಕೆ ಇನ್ನೊಂದು ದಂಡ ಇಟ್ಟು ನೋಡಿ. ದಿಲ್ಲಿಯ ಸುತ್ತಮುತ್ತ ಭತ್ತದ ಕೂಳೆ ಸುಟ್ಟ ರೈತನಿಗೆ 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ದಂಡವನ್ನು ದುಪ್ಪಟ್ಟು ಮಾಡಿತು. ಎರಡು ಎಕರೆಯೊಳಗಿದ್ದರೆ 5,000, ಐದರವರೆಗೆ 10,000, ಐದು ದಾಟಿದರೆ 30,000 ರೂಪಾಯಿ. ಅಂದರೆ ಆರೆಕರೆ ಗದ್ದೆಯ ಹುಲ್ಲು ಸುಟ್ಟ ರೈತ, ಲಾರಿಗಟ್ಟಲೆ ಪ್ಲಾಸ್ಟಿಕ್ ಸುಟ್ಟವನಿಗಿಂತ 5,000 ರೂಪಾಯಿ ಹೆಚ್ಚಿನ ಅಪರಾಧಿ! ರೈತನ ಹೊಲದ ಬೆಂಕಿಯನ್ನು ಆಕಾಶದಿಂದ ಉಪಗ್ರಹ ಎಣಿಸುತ್ತದೆ. ಊರ ಮುಂದಿನ ತಗಡು ಬೇಲಿಯೊಳಗಿನ ಬೆಂಕಿ ಮಾತ್ರ ಜೀಪಿನಲ್ಲಿ ಓಡಾಡುವ ಅಧಿಕಾರಿಗೂ ಕಾಣುವುದಿಲ್ಲ. ಇದೇನು ಕಣ್ಣಿನ ದೋಷವೋ, ಜೇಬಿನ ದೋಷವೋ ನೀವೇ ಹೇಳಿ.

ಹಾಗಂತ ನಮ್ಮ ತಟ್ಟೆಯಲ್ಲಿ ನೊಣ ಇಲ್ಲವೇ? ಇದೆ. ಒಪ್ಪಿಕೊಳ್ಳಬೇಕು. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ಒಣ ತರಗು ಉಳಿಯುತ್ತದೆ. ಅದಕ್ಕೆ ಕಡ್ಡಿ ಗೀರುವವರು ನಾವೇ. ಸುಟ್ಟರೆ ಅದರ ಸಾರಜನಕವೆಲ್ಲ ಹೊಗೆಯಾಗಿ ಹೋಗುತ್ತದೆ, ಆಮೇಲೆ ಅಂಗಡಿಗೆ ಹೋಗಿ ಯೂರಿಯಾ ತರುತ್ತೇವೆ. ಸಾಲಿನಲ್ಲಿ ಹೊದಿಸಿದರೆ ನೀರೂ ಉಳಿಯುತ್ತದೆ, ಕಳೆಯೂ ಕಡಿಮೆ. ಇದು ಗೊತ್ತಿಲ್ಲದೆ ಸುಡುವವರು ಕಡಿಮೆ. ಹೊದಿಸುವ ಕೂಲಿಗೆ ಕೈಯಲ್ಲಿ ಕಾಸಿಲ್ಲದೆ ಸುಡುವವರೇ ಹೆಚ್ಚು. ಕೆಲವು ಆಲೆಮನೆಗಳ ಒಲೆಗೂ ಸಿಪ್ಪೆಯ ಜೊತೆಗೆ ಟೈರು, ಪ್ಲಾಸ್ಟಿಕ್ ಇಳಿದಿದೆ. ನಮ್ಮದೇ ಬೆಲ್ಲಕ್ಕೆ ನಾವೇ ಕೆಟ್ಟ ಹೆಸರು ತಂದುಕೊಳ್ಳುವ ಕೆಲಸ ಇದು. ಇದನ್ನು ನಿಲ್ಲಿಸದೆ ಇನ್ನೊಬ್ಬರ ಕಡೆ ಬೆರಳು ತೋರಿಸಿದರೆ ನಮ್ಮ ಮಾತಿಗೆ ತೂಕ ಬರುವುದಿಲ್ಲ.

ಆದರೆ ಹೊಟ್ಟೆಪಾಡಿಗೆ ಕಡ್ಡಿ ಗೀರಿದವನೂ, ಕಸ ಸಾಗಿಸಲು ದುಡ್ಡು ಎಣಿಸಿಕೊಂಡು ಅರ್ಧ ದಾರಿಯಲ್ಲೇ ಸುರಿದು ಬೆಂಕಿ ಹಾಕಿದವನೂ ಒಂದೇ ಅಲ್ಲ. ಮೊದಲನೆಯವನಿಗೆ ಬೆಲೆ ಕೊಡಿ, ಎರಡನೆಯವನಿಗೆ ದಂಡ ಹಾಕಿ. ಈಗ ನಡೆಯುತ್ತಿರುವುದು ತಿರುಗುಮುರುಗು.

ಊರು ನಿಂತರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಕಸ ದಿನಕ್ಕೆ ನಾಲ್ಕೈದು ಸಾವಿರ ಟನ್. ವರ್ಷಗಟ್ಟಲೆ ಅದನ್ನು ಹೊತ್ತ ಮಾವಳ್ಳಿಪುರದವರು ತಿರುಗಿಬಿದ್ದರು, 2012ರಲ್ಲಿ ಅಲ್ಲಿನ ಸುರಿಯುವ ಜಾಗ ಮುಚ್ಚಿತು. ಕಸ ಮಂಡೂರಿನ ಕಡೆ ತಿರುಗಿತು. ಮಂಡೂರಿನವರು 2014ರಲ್ಲಿ ರಸ್ತೆಗಿಳಿದರು, ಆ ವರ್ಷದ ಕೊನೆಗೆ ಅಲ್ಲಿಯೂ ಲಾರಿ ನಿಂತಿತು. ಅಲ್ಲಿಂದ ಕಸ ಎಲ್ಲಿಗೆ ಹೋಯಿತು? ಇನ್ನೊಂದು ಊರಿಗೆ, ಕಲ್ಲುಕ್ವಾರಿಗೆ, ಕೆರೆ ಅಂಗಳಕ್ಕೆ, ನಮ್ಮ ನಿಮ್ಮ ಬೀಳಿಗೆ. ಒಂದೂರು ಗೆದ್ದರೆ ಪಕ್ಕದೂರು ಸೋಲುತ್ತದೆ. ಆದ್ದರಿಂದಲೇ ಇದು ಒಂದೂರಿನ ಜಗಳವಾಗಿ ಉಳಿಯಕೂಡದು.

ಏನು ಮಾಡಬೇಕು?

ಮೊದಲನೆಯದು, ಹೊಲವನ್ನು ಗುಜರಿಗೆ ಕೊಡಬೇಡಿ. ಕೊಟ್ಟು ಸಿಕ್ಕಿಕೊಂಡವನನ್ನು ಊರಿನಿಂದ ದೂರ ಇಡಬೇಡಿ. ಅವನು ಸಾಲಕ್ಕೆ ಸಿಕ್ಕವನು, ಕರಾರು ಮುರಿಯಲು ಊರೇ ಜೊತೆ ನಿಲ್ಲಲಿ. ಎರಡನೆಯದು, ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ, ಪಿಡಿಒ ಸಹಿ ಹಾಕಿಸಿ ಪ್ರತಿ ಇಟ್ಟುಕೊಳ್ಳಿ. ಮೂರನೆಯದು, ಬೆಂಕಿ ಕಂಡ ದಿನ, ಹೊತ್ತು, ಲಾರಿ ನಂಬರು ಒಂದು ಪುಸ್ತಕದಲ್ಲಿ ಬರೆಯಿರಿ. ಫೋಟೋ ತೆಗೆಯಿರಿ. ಬೆಳೆ ಹಾಳಾದರೆ ಮಹಜರು ಮಾಡಿಸಿ. ಬಾಯಿ ಮಾತಿಗೆ ಕಚೇರಿಯಲ್ಲಿ ಕಿಮ್ಮತ್ತಿಲ್ಲ, ಕಾಗದಕ್ಕಿದೆ.

ನಾಲ್ಕನೆಯದು ಮುಖ್ಯ. ಪೊಲೀಸು ಠಾಣೆಗೆ ಹೋದರೆ ಗಾಳಿ ಕೆಡಿಸಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 280ನೇ ಕಲಮಿನಡಿ ಹೆಚ್ಚೆಂದರೆ 1,000 ರೂಪಾಯಿ ದಂಡ. ಅದನ್ನು ಅವರು ಟೀ ಕುಡಿದ ಹಾಗೆ ಕಟ್ಟಿ ಹೋಗುತ್ತಾರೆ. ಉಪವಿಭಾಗದ ದಂಡಾಧಿಕಾರಿ, ಅಂದರೆ ನಮ್ಮ ಎ.ಸಿ. ಸಾಹೇಬರ ಮುಂದೆ ಅರ್ಜಿ ಹಾಕಿ. ಸಾರ್ವಜನಿಕ ಉಪದ್ರವವನ್ನು ತೆಗೆಸುವ ಅಧಿಕಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ಮಧ್ಯಪ್ರದೇಶದ ರತ್ಲಾಂ ಎಂಬ ಊರಿನ ಜನ ಇದೇ 133ನ್ನು ಹಿಡಿದು ಹೋದರು. ಚರಂಡಿ ಮಾಡಿಸಲು ದುಡ್ಡಿಲ್ಲ ಎಂದು ಪುರಸಭೆ ಅತ್ತಿತು. ದುಡ್ಡಿಲ್ಲವೆಂಬ ನೆಪ ನಡೆಯದು, ಕೆಲಸ ಮಾಡಿ ಎಂದು 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಬರೆದರು. ಈ ತೀರ್ಪು ನಮ್ಮ ಕೈಯಲ್ಲಿರುವ ಕುಡುಗೋಲು. ತುಕ್ಕು ಹಿಡಿಯಲು ಬಿಡಬೇಡಿ.

ಐದನೆಯದು, ಲಾರಿಗೆ ಕಲ್ಲು ಬೇಡ, ಚಾಲಕನ ಮೈಮೇಲೆ ಕೈ ಬೇಡ. ಅವನೂ ಕೂಲಿಗೆ ಬಂದವನು. ಲಾರಿ ತಡೆಯಿರಿ, ಬಂದ ದಾರಿಯಲ್ಲೇ ತುಂಬಿದ ಲಾರಿ ಹಿಂದಕ್ಕೆ ಹೋಗಲಿ.

ಹಿರಿಯರಿಗೆ ನೆನಪಿರಬಹುದು. 1980ರ ದಶಕದಲ್ಲಿ ಸಾಲ ವಸೂಲಿಗೆ ಬಂದು ಪಾತ್ರೆ ಪಡಗ ಜಪ್ತಿ ಮಾಡುತ್ತಿದ್ದ ಕಾಲದಲ್ಲಿ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಕ್ಕೆ ಬರಕೂಡದು ಎಂದು ರೈತ ಸಂಘದವರು ಊರ ಬಾಗಿಲಲ್ಲಿ ಬೋರ್ಡು ನೆಟ್ಟರು. ಜೀಪುಗಳು ಬೋರ್ಡು ನೋಡಿ ನಿಂತವು. ರೈತ ಸಾಲಗಾರನಲ್ಲ, ಸರ್ಕಾರವೇ ಅವನಿಗೆ ಬಾಕಿದಾರ ಎಂದು ಹೇಳುವ ಧೈರ್ಯ ಆ ಬೋರ್ಡಿನ ಕೆಳಗೆ ನಿಂತು ಕಲಿತದ್ದು. ಇವತ್ತು ಅದೇ ಬಾಗಿಲಲ್ಲಿ ಇನ್ನೊಂದು ಬೋರ್ಡು ಬೇಕಾಗಿದೆ. ನಮ್ಮ ರಾಗಿಗೆ ಸರಿಯಾದ ಬೆಲೆ ಹೊತ್ತು ಬರುವವರಿಗೆ ದಾರಿ ಬಿಡೋಣ, ಕಸ ಹೊತ್ತು ಬರುವವರಿಗೆ ಬೇಡ.

ಬೋರ್ಡಿಗೆ ಬೇಕಾದದ್ದು ಒಂದು ಹಲಗೆ, ಒಂದು ಡಬ್ಬ ಬಣ್ಣ. ಅದರ ಹಿಂದೆ ನಿಲ್ಲಲು ಬೇಕಾದದ್ದು ನೀವು.