ಇಗರ್ಜಿಯ ದಾಖಲೆ ಮತ್ತು ಪರದೇಶದ ವೀಸಾ

ಕಳೆದ ಮಳೆಗಾಲದಲ್ಲಿ, ಬೋಟುಗಳೆಲ್ಲ ತದಡಿ ಬಂದರಿನಲ್ಲಿ ಕಟ್ಟಿ ನಿಂತಿದ್ದ ದಿನಗಳಲ್ಲಿ, ಅತ್ತೆ ಸೊಸೆಯರಿಬ್ಬರು ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಾಗದಪತ್ರಗಳನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಮಗ ದುಬೈಯಲ್ಲಿ ದುಡಿಯುತ್ತಿದ್ದಾನೆ. ಮದುವೆಯಾಗಿ ಆರು ವರ್ಷಗಳಾದರೂ ಪತಿಪತ್ನಿಯರು ಒಂದೇ ಸೂರಿನಡಿ ಕಳೆದದ್ದು ರಜೆಯ ಏಳೆಂಟು ತಿಂಗಳುಗಳನ್ನು ಮಾತ್ರ. ಈಗ ಅವನ ಸಂಬಳ ಏರಿದೆ. ತಿಂಗಳಿಗೆ 4,000 ದಿರ್ಹಮ್, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ ಇದ್ದರೆ ಯಾವ ಉದ್ಯೋಗದವನೂ ಕುಟುಂಬವನ್ನು ಕರೆಸಿಕೊಳ್ಳಬಹುದೆಂದು ಸಂಯುಕ್ತ ಅರಬ್ ಎಮಿರೇಟ್ಸ್ 2019ರಲ್ಲಿ ನಿಯಮ ಮಾಡಿತು. ಹೀಗಾಗಿ ಹಣದ ತೊಡಕು ನೀಗಿತ್ತು. ಉಳಿದದ್ದು ಹೆಸರಿನ ತೊಡಕು.

ಸೊಸೆಯ ಕುಲನಾಮದ ಕೊನೆಯ ಅಕ್ಷರ ಪಾಸ್‌ಪೋರ್ಟಿನಲ್ಲಿ ‘ಎಸ್’, ಇಗರ್ಜಿಯ ವಿವಾಹ ದಾಖಲೆಯಲ್ಲಿ ‘ಝಡ್’. ಮಗುವಿನ ಜನನಪತ್ರದಲ್ಲಿ ತಾಯಿಯ ಹೆಸರಿನ ಸ್ಥಳದಲ್ಲಿ ಮನೆಯಲ್ಲಿ ಕರೆಯುವ ಹೆಸರಿತ್ತು. ಮಗುವಿನ ಹೆಸರಿನ ಸ್ಥಳ ಖಾಲಿಯಿತ್ತು. “ಒಂದು ಅಕ್ಷರ ತಾನೆ ಫಾದರ್, ನಿಮ್ಮ ಪುಸ್ತಕದಲ್ಲಿ ತಿದ್ದಿಬಿಟ್ಟರೆ ಏನಾಗುತ್ತದೆ?” ಎಂದು ಅತ್ತೆ ಕೇಳಿದರು. ಹಾಗೆ ಕೇಳುವಂತೆ ಏಜೆಂಟನೊಬ್ಬ ಹೇಳಿಕೊಟ್ಟಿದ್ದನಂತೆ.

ನಾನು ತಿದ್ದಲಿಲ್ಲ. ಆ ದಿನ ಅವರು ನನ್ನ ಮೇಲೆ ಮುನಿಸಿಕೊಂಡೇ ಹೋದರು. ಊರಿನಲ್ಲಿ ಇನ್ನೂ ಕೆಲವರು ಇದೇ ಕಾರಣಕ್ಕೆ ನನ್ನನ್ನು ಕಠಿಣ ಹೃದಯದವನೆಂದು ಹೇಳುತ್ತಿರುವುದರಿಂದ ನನ್ನ ನಿಲುವನ್ನು ಇಲ್ಲಿ ವಿವರಿಸುವುದು ಯುಕ್ತವೆಂದು ಭಾವಿಸುತ್ತೇನೆ.

ಪರದೇಶಕ್ಕೆ ಹೋಗುವ ಕಾಗದವೊಂದು ಹಾಯ್ದು ಹೋಗುವ ಹಾದಿಯನ್ನು ಗಮನಿಸಿ. ನಮ್ಮ ವಿವಾಹ ಪ್ರಮಾಣಪತ್ರದೊಡನೆ ಉಪನೋಂದಣಾಧಿಕಾರಿಯ ಕಚೇರಿಯಿಂದ ಸರ್ಕಾರಿ ವಿವಾಹ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ರಾಜ್ಯ ಸರ್ಕಾರದ ನಿಯುಕ್ತ ಅಧಿಕಾರಿಯ ದೃಢೀಕರಣ, ಅದರ ಮೇಲೆ ಭಾರತದ ವಿದೇಶಾಂಗ ಸಚಿವಾಲಯದ ಮುದ್ರೆ, ಅದರ ಮೇಲೆ ಆಯಾ ದೇಶದ ದೂತಾವಾಸದ ಮುದ್ರೆ, ಕೊನೆಗೆ ಆ ದೇಶದ ವಿದೇಶಾಂಗ ಇಲಾಖೆಯ ಮುದ್ರೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಮಾತ್ರ ಅಪೋಸ್ಟಿಲ್ ಎಂಬ ಒಂದೇ ಮುದ್ರೆ ಸಾಲುತ್ತದೆ. ಭಾರತಕ್ಕೆ ಆ ಒಪ್ಪಂದ 2005ರಲ್ಲಿ ಅನ್ವಯವಾಯಿತು. ಒಮಾನ್ 2012ರಲ್ಲಿ, ಬಹರೈನ್ 2013ರಲ್ಲಿ, ಸೌದಿ ಅರೇಬಿಯ 2022ರಲ್ಲಿ ಅದರೊಳಗೆ ಬಂದವು. ಎಮಿರೇಟ್ಸ್, ಕುವೈತ್‌ಗಳಿಗೆ ಹೊರಟವರಿಗೆ ಹಳೆಯ ದೀರ್ಘ ಹಾದಿಯೇ ಗತಿ. ನೋಟರಿಯ ಕೆಂಪು ಮುದ್ರೆಯೊಂದಿದ್ದರೆ ಜಗತ್ತೇ ಒಪ್ಪುತ್ತದೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಬಲವಾಗಿದೆ, ಅದು ಸರಿಯಲ್ಲ.

ಇಷ್ಟೊಂದು ಮುದ್ರೆಗಳು ಸಾಕ್ಷಿ ಹೇಳುವುದು ಯಾವುದಕ್ಕೆ? ತಮ್ಮ ಕೆಳಗಿರುವ ಸಹಿ ಮತ್ತು ಮುದ್ರೆ ಅಸಲಿ ಎಂಬುದಕ್ಕೆ ಮಾತ್ರ. ಕಾಗದದಲ್ಲಿ ಬರೆದದ್ದು ನಿಜವೆಂದು ಅವುಗಳಲ್ಲಿ ಯಾವುದೂ ಹೇಳುವುದಿಲ್ಲ. ಸೆಮಿನರಿಯಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದುವಾಗ, ಚಾಲಿತ ವಸ್ತುಗಳ ಸರಣಿ ಅನಂತವಾಗಿ ಹಿಂದಕ್ಕೆ ಹೋಗಲಾರದು, ಎಲ್ಲಿಯಾದರೂ ಒಂದು ಮೊದಲು ಇರಲೇಬೇಕು ಎಂದು ಕಲಿತಿದ್ದೆ. ಆ ಪಾಠ ನನಗೆ ದಾಖಲೆಯ ಕಪಾಟಿನ ಮುಂದೆ ಅರ್ಥವಾಗುವುದೆಂದು ಆಗ ಎಣಿಸಿರಲಿಲ್ಲ. ದೆಹಲಿಯ ಮುದ್ರೆ ರಾಜ್ಯದ ಮುದ್ರೆಯನ್ನು ನಂಬುತ್ತದೆ, ರಾಜ್ಯ ತಾಲೂಕನ್ನು ನಂಬುತ್ತದೆ, ತಾಲೂಕು ನನ್ನನ್ನು ನಂಬುತ್ತದೆ. ನನ್ನ ಹಿಂದೆ ಇನ್ನಾರೂ ಇಲ್ಲ. ಇರುವುದು ಆ ದಿನ ಪೀಠದ ಮುಂದೆ ನಡೆದ ಸಂಗತಿಯೊಂದೇ. ಅಲ್ಲಿ ಸುಳ್ಳು ಹೊಕ್ಕರೆ ಮೇಲಿನ ಎಲ್ಲ ಮುದ್ರೆಗಳೂ ಸುಳ್ಳನ್ನೇ ಹೊತ್ತು ಸಾಗುತ್ತವೆ. ಮೇಲಾಗಿ, ಇಂದು ತಿದ್ದಿದ ಪುಟವನ್ನು ನಾಳೆ ಯಾರಾದರೂ ಸಂಶಯಿಸಿದರೆ ಅದೇ ಪುಸ್ತಕದ ಇತರ ನೂರಾರು ಕುಟುಂಬಗಳ ಗತಿಯೇನು?

ಹಾಗೆಂದು ತಪ್ಪು ತಪ್ಪಾಗಿಯೇ ಉಳಿಯಬೇಕೆಂದಿಲ್ಲ. 1969ರ ಜನನ ಮರಣ ನೋಂದಣಿ ಅಧಿನಿಯಮದ 15ನೆಯ ಕಲಮು ಸೊಗಸಾದ ಮಾತೊಂದನ್ನು ಹೇಳುತ್ತದೆ: ಮೂಲ ಬರಹವನ್ನು ಮುಟ್ಟದೆ, ಅಂಚಿನಲ್ಲಿ ತಿದ್ದುಪಡಿ ಬರೆದು, ಸಹಿ ಮತ್ತು ದಿನಾಂಕ ಹಾಕಬೇಕು. ಇಗರ್ಜಿಯಲ್ಲಿಯೂ ಕ್ರಮ ಹೀಗೆಯೇ. ಪುರಾವೆಗಳೊಂದಿಗೆ ಧರ್ಮಾಧ್ಯಕ್ಷರ ಕಾರ್ಯಾಲಯಕ್ಕೆ ಬರೆದು, ಅನುಮತಿ ಬಂದ ಬಳಿಕ ಅಂಚಿನಲ್ಲಿ ಟಿಪ್ಪಣಿ. ಇದಕ್ಕೆ ಕೆಲವು ವಾರಗಳು ಬೇಕು. ಏಜೆಂಟನಿಗೆ ಅಷ್ಟು ತಾಳ್ಮೆಯಿಲ್ಲ. ಮಗುವಿನ ಹೆಸರಿಲ್ಲದ ಜನನಪತ್ರಕ್ಕೂ ಅದೇ ಅಧಿನಿಯಮದ 14ನೆಯ ಕಲಮಿನಡಿ ಹೆಸರು ಸೇರಿಸಿಕೊಳ್ಳಲು ಅವಕಾಶವಿದೆ.

ನಾವು ಧರ್ಮಗುರುಗಳೂ ನಿರ್ದೋಷಿಗಳಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಕೇಂದ್ರದಲ್ಲಿ ವಿವಾಹದ ಪುಸ್ತಕವಿರಬೇಕೆಂದು ವಿಧಿಸಿತು. ಅದರಲ್ಲಿ ಅಕ್ಷರ ಓದುವಂತಿರಬೇಕೆಂದೂ ವಿಧಿಸಿದ್ದರೆ ಒಳ್ಳೆಯದಿತ್ತು! ಮನೆಯವರು ಬಸ್ತ್ಯಾಂವ್ ಎಂದರೆ ನಮ್ಮವರು ಸೆಬಾಸ್ಟಿಯನ್ ಎಂದು ಬರೆದರು. ಇನಾಸ್ ಎಂದವನು ಇಗ್ನೇಷಿಯಸ್ ಆದ. ಜುವಾಂವ್ ಲ್ಯಾಟಿನ್‌ನಲ್ಲಿ ಯೊವಾನ್ನೆಸ್ ಆದ. ಶಾಲೆಗೆ ಸೇರಿಸುವಾಗ ಮಾಸ್ತರರು ಹೆಸರನ್ನು ಕಿವಿಗೆ ಬಿದ್ದಂತೆ ಬರೆದು, ಜನ್ಮದಿನಕ್ಕೆ ಜೂನ್ ಒಂದನೆಯ ತಾರೀಖು ಹಾಕಿದರು. ಹೆಸರು ಮೂರಾದರೂ ಮನುಷ್ಯ ಒಬ್ಬನೇ ಎಂಬುದು ತತ್ತ್ವಶಾಸ್ತ್ರಕ್ಕೆ ಸುಲಭ. ಕೌಂಟರಿನ ಆಚೆ ಕುಳಿತವರಿಗೆ ಅಲ್ಲ. ಅವರನ್ನು ನಾನು ದೂರುವುದಿಲ್ಲ.

ಕುಟುಂಬ ಒಂದಾಗಿ ಬಾಳುವುದು ಯಾರೋ ಕೊಡುವ ದಾನವಲ್ಲ. ವಲಸೆ ಹೋದ ಕೆಲಸಗಾರನಿಗೆ ಆದಷ್ಟು ಬೇಗ ತನ್ನ ಕುಟುಂಬವನ್ನು ಕೂಡಿಕೊಳ್ಳುವ ಹಕ್ಕಿದೆಯೆಂದು ಪೋಪರ ಪೀಠ 1983ರಲ್ಲಿ ಪ್ರಕಟಿಸಿದ ಕುಟುಂಬದ ಹಕ್ಕುಗಳ ಸನದು ಸಾರುತ್ತದೆ. ಆ ಹಕ್ಕನ್ನು ನಾನು ಪೂರ್ಣವಾಗಿ ಒಪ್ಪುವುದರಿಂದಲೇ ಸುಳ್ಳು ಕಾಗದದ ಮೇಲೆ ಅದನ್ನು ನಿಲ್ಲಿಸಲು ಹೆದರುತ್ತೇನೆ. ಒಮ್ಮೆ ವಂಚನೆ ಪತ್ತೆಯಾದರೆ ವೀಸಾ ಮಾತ್ರವಲ್ಲ, ದುಡಿಯುವವನ ಉದ್ಯೋಗಕ್ಕೂ ಸಂಚಕಾರ ಬರಬಹುದು.

ಆದುದರಿಂದ ನಮ್ಮ ಧರ್ಮಕೇಂದ್ರದಲ್ಲಿ ಎರಡು ಕ್ರಮಗಳನ್ನು ಮಾಡಿದ್ದೇನೆ. ಜ್ಞಾನಸ್ನಾನಕ್ಕೆ ಬರುವವರು ಮಗುವಿನ ಜನನಪತ್ರವನ್ನೂ ತಂದೆತಾಯಿಯರ ಪಾಸ್‌ಪೋರ್ಟ್ ಅಥವಾ ಆಧಾರ್ ಅನ್ನೂ ತರಬೇಕು. ಅಕ್ಷರ ಅಕ್ಷರ ಹೋಲಿಸಿಯೇ ಬರೆಯುತ್ತೇನೆ. ಮದುವೆಯಾದವರು ಅದೇ ತಿಂಗಳು ಸರ್ಕಾರಿ ನೋಂದಣಿಯನ್ನೂ ಮುಗಿಸಬೇಕು. ಪ್ರತಿ ವಿವಾಹದ ನೋಂದಣಿ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿಯೇ ಹೇಳಿದೆ. ಊಟಕ್ಕೆ, ಬ್ಯಾಂಡಿಗೆ ಖರ್ಚು ಮಾಡುವವರಿಗೆ ಕುಮಟೆಯ ಬಸ್ ಚಾರ್ಜು ದೊಡ್ಡದಲ್ಲ.

ತದಡಿಯ ಆ ಸೊಸೆ ಎರಡು ವಾರಗಳ ಬಳಿಕ ಒಬ್ಬಳೇ ಬಂದಳು. ಅಂಚಿನ ಟಿಪ್ಪಣಿಗೆ ಅರ್ಜಿ ಬರೆದೆವು. ಅನುಮತಿ ಬಂತು, ಮಗುವಿನ ಹೆಸರೂ ಜನನಪತ್ರಕ್ಕೆ ಸೇರಿತು. ಕಾಗದಗಳೀಗ ಬೆಂಗಳೂರಿಗೆ ಹೋಗಿವೆ. ಕಳೆದ ಭಾನುವಾರ ಪೂಜೆಯ ಬಳಿಕ ಅತ್ತೆಯೂ ಮಾತನಾಡಿಸಿದರು. ಮೊಮ್ಮಗ ಹೊರಟುಹೋದರೆ ಮನೆಯಲ್ಲಿ ತಾನೊಬ್ಬಳೇ ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.