ಕಷಾಯದ ಡಬ್ಬಿ



ಕಳೆದ ಸಂಚಿಕೆಯಲ್ಲಿ ರಾಗಿಯ ಬಗ್ಗೆ ಬರೆದದ್ದನ್ನು ಓದಿ ನಿಮ್ಮಲ್ಲೊಬ್ಬಳು ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಿ, "ಆಂಟಿ, ಇದೆಲ್ಲಾ ಅಜ್ಜಿಯಂದಿರಿಗೆ ಆಯಿತು, ನಮಗೇನು?" ಎಂದು ಕೇಳಿದಳು. ಈ ಸಲವೂ ಅಜ್ಜಿಯ ವಿಷಯವೇ. ಆದರೆ ಕೆಲಸ ನಿಮ್ಮದು.

ನಮ್ಮ ಅತ್ತೆಯವರಿಗೆ ಈಗ 82. ಧಾರವಾಡದವರು, ಪುಣೆಗೆ ಬಂದು ಅರವತ್ತು ವರ್ಷವಾಯಿತು. ಇಪ್ಪತ್ತು ವರ್ಷದಿಂದ ಬಿ.ಪಿ. ಮಾತ್ರೆ ನಡೆದಿದೆ. ಮಳೆಗಾಲ ಬಂತೆಂದರೆ ಅದರ ಜೊತೆಗೆ ಅವರ ಕಷಾಯ: ಮೆಣಸು, ಒಣಶುಂಠಿ, ಜೀರಿಗೆ, ತುಳಸಿ, ಮತ್ತೆ ಅತಿಮಧುರದ ಬೇರು. ಇಲ್ಲಿನ ಅಂಗಡಿಯಲ್ಲಿ ಅದನ್ನು ಜ್ಯೇಷ್ಠಮಧ ಎಂದು ಕೇಳಬೇಕು. ಎರಡು ವರ್ಷದ ಹಿಂದೆ ಕೆಮ್ಮು ಬಿಡಲೇ ಇಲ್ಲ. ದಿನಕ್ಕೆರಡು ಲೋಟ ನಾಲ್ಕಾಯಿತು, ನಡುವೆ ಬಾಯಲ್ಲೊಂದು ಬೇರಿನ ಚೂರು. ತಿಂಗಳಾಗುವುದರೊಳಗೆ ಕಾಲು ಊದಿಕೊಂಡಿತು. ಎದ್ದರೆ ಸುಸ್ತು, ಕೂತರೆ ಸುಸ್ತು. ಬಿ.ಪಿ. 190 ತೋರಿಸಿತು. ಡಾಕ್ಟರು ಮಾತ್ರೆ ಹೆಚ್ಚಿಸಿದರು, ಇಳಿಯಲಿಲ್ಲ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ ಎಂದು ಬಂತು.

ಎರಡನೆಯ ಡಾಕ್ಟರು, "ಮಾತ್ರೆಯಲ್ಲದೆ ಬೇರೇನಾದರೂ ಕೊಡುತ್ತೀರಾ?" ಎಂದು ಕೇಳಿದರು. ನಾನು "ಏನೂ ಇಲ್ಲ" ಎಂದೆ. ಸುಳ್ಳು ಹೇಳಬೇಕೆಂದಲ್ಲ, ಮನೆಯಲ್ಲಿ ಕಾಯಿಸಿದ್ದು ಔಷಧಿಯ ಲೆಕ್ಕಕ್ಕೆ ಬರುತ್ತದೆಂದೇ ತೋಚಲಿಲ್ಲ. ಪಕ್ಕದಲ್ಲಿ ಮೊಬೈಲು ನೋಡುತ್ತಾ ಕೂತಿದ್ದ ನನ್ನ ಮಗಳು ತಲೆ ಎತ್ತಿ, "ಅಮ್ಮಾ, ಅಜ್ಜಿ ಕಷಾಯ?" ಎಂದಳು.

ಅತಿಮಧುರದಲ್ಲಿ ಗ್ಲಿಸಿರೈಜಿನ್ ಎಂಬ ಅಂಶವಿದೆ. ಬೇರು ಸಿಹಿಯಾಗುವುದು ಅದರಿಂದಲೇ. ದಿನವೂ ಹೆಚ್ಚಾಗಿ ಹೊಟ್ಟೆಗೆ ಹೋದರೆ ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಅನ್ನು ಹೊರಗೆ ಹಾಕುತ್ತದೆ. ಬಿ.ಪಿ. ಏರುತ್ತದೆ, ಹೃದಯದ ಬಡಿತವೂ ತಪ್ಪಬಹುದು. ಬೇರು ನಿಲ್ಲಿಸಿದ ಮೇಲೆ ಕೆಲವು ವಾರಗಳಲ್ಲಿ ಅತ್ತೆಯವರ ಊತ ಇಳಿಯಿತು. ಆದರೆ ಮುನಿಸು ಇಳಿಯಲಿಲ್ಲ. "ನಮ್ಮಮ್ಮ ಇದನ್ನೇ ಕುಡಿದು ತೊಂಬತ್ತು ದಾಟಿದಳು" ಎಂದರು. ಅವರಮ್ಮನಿಗೆ ಬಿ.ಪಿ. ಇರಲಿಲ್ಲ, ಇದ್ದರೂ ನೋಡಿದವರಿಲ್ಲ ಎಂದು ನಾನು ಹೇಳಲು ಹೋಗಲಿಲ್ಲ.

ಹಾಗೆಂದು ನಾನು ಕಷಾಯದ ವೈರಿಯಲ್ಲ. ಒಳ್ಳೆಯ ಆಯುರ್ವೇದ ವೈದ್ಯರೂ ವಯಸ್ಸು, ಕಾಯಿಲೆ ಕೇಳಿ ಅಳತೆ ನೋಡಿಯೇ ಕೊಡುತ್ತಾರೆ. ಅಳತೆ ಬಿಟ್ಟವರು ನಾವು. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ನುಂಗುವ ಅಜ್ಜ ಅರಿಶಿನದ ಕ್ಯಾಪ್ಸೂಲನ್ನೂ ಸೇರಿಸಿಕೊಂಡರೆ ರಕ್ತಸ್ರಾವದ ಭಯವಿದೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತು ಬೇರೆ.

ಔಷಧಿಯ ಜೊತೆ ಜಗಳವಾಡದ ಉಪಾಯವೂ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ಬಲು ರೋಗಿಷ್ಠರು. ಮೈಸೂರಿನಲ್ಲಿ ಯೋಗ ಕಲಿತು 1937ರಲ್ಲಿ ಪುಣೆಗೆ ಬಂದರು. 1975ರಲ್ಲಿ ಇಲ್ಲಿಯೇ ಅವರ ಸಂಸ್ಥೆ ಆರಂಭವಾಯಿತು. ಬಗ್ಗಲಾರದವರಿಗೆ ಕುರ್ಚಿ, ಹಗ್ಗ, ದಿಂಬು, ಮರದ ತುಂಡು ಕೊಟ್ಟು ಆಸನ ಮಾಡಿಸಿದ್ದು ಅವರ ದೊಡ್ಡತನ. 2014ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಅತ್ತೆಯವರೂ ಈಗ ಊಟದ ಮೇಜಿನ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈಯೂರದೆ ಹತ್ತು ಸಲ ಎದ್ದು ಕೂರುತ್ತಾರೆ. ತೊಡೆಯಲ್ಲಿ ಕಸುವಿದ್ದರೆ ಬೀಳುವುದು ಕಡಿಮೆ. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆಯೇ ಗತಿ. (ಶನಿವಾರದ ಎಣ್ಣೆಸ್ನಾನವೂ ಇರಲಿ, ಆದರೆ ಬಚ್ಚಲ ನೆಲವನ್ನು ಸೋಪು ಹಾಕಿ ಉಜ್ಜಿದ ಮೇಲೆಯೇ ಅವರು ಮತ್ತೆ ಒಳಗೆ ಹೋಗಬೇಕು.) ನಿಮ್ಮ ಮೂಳೆಯ ಗಂಟೂ ಮೂವತ್ತರ ಸುಮಾರಿಗೆ ತುಂಬಿ ಮುಗಿಯುತ್ತದೆ, ಆಮೇಲೆ ಖರ್ಚೇ ಹೆಚ್ಚು. ಲಿಫ್ಟಿನ ಮುಂದೆ ಸಾಲು ನಿಲ್ಲುವಾಗ ಇದು ನೆನಪಿರಲಿ.

ಈಗ ನಿಮ್ಮ ಕೆಲಸ. ಈ ಭಾನುವಾರ ಅಜ್ಜಿಯ ಪಕ್ಕ ಕುಳಿತು ಅವರು ಬಾಯಿಗೆ ಹಾಕುವುದನ್ನೆಲ್ಲಾ ಬರೆದುಕೊಳ್ಳಿ. ಮಾತ್ರೆ, ಚೂರ್ಣ, ಲೇಹ್ಯ, ಪಕ್ಕದ ಮನೆಯವರು ಕೊಟ್ಟ ಪುಡಿ, ಯಾವುದನ್ನೂ ಬಿಡಬೇಡಿ. ಅವರ ಭಾಷೆಯಲ್ಲೇ ಕೇಳಿ. "ಮೆಡಿಸಿನ್ ಏನು ತಗೋತೀರಿ?" ಎಂದರೆ ಕಷಾಯದ ಹೆಸರು ಬರುವುದಿಲ್ಲ, "ಕೆಮ್ಮು ಬಂದರೆ ಏನು ಮಾಡ್ಕೋತೀರಿ ಅಜ್ಜಿ?" ಎಂದರೆ ಡಬ್ಬಿಯ ಸಮೇತ ಹೊರಗೆ ಬರುತ್ತದೆ. ಆ ಚೀಟಿಯನ್ನು ಡಾಕ್ಟರಿಗೂ ವೈದ್ಯರಿಗೂ ತೋರಿಸಿ. ಅವರನ್ನು ಕೇಳದೆ ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ನಮ್ಮ ಮನೆಯ ಚೀಟಿಯಲ್ಲಿ ಹದಿನೊಂದು ಹೆಸರುಗಳು ಬಂದವು. ಅದರಲ್ಲಿ ನಾಲ್ಕು ನನಗೇ ಗೊತ್ತಿರಲಿಲ್ಲ. ಕಷಾಯ ಈಗಲೂ ಕುದಿಯುತ್ತದೆ, ಅತಿಮಧುರವಿಲ್ಲದೆ. ಮೊದಲ ಗುಟುಕಿಗೇ ಅತ್ತೆಯವರು ಮುಖ ಸಿಂಡರಿಸಿ, "ಇದು ಕಷಾಯವೇನೇ?" ಎನ್ನುತ್ತಾರೆ, ಪೂರ್ತಿ ಕುಡಿಯುತ್ತಾರೆ.